ಎರಡು ಹೆಬ್ಬಾತುಗಳ ಹಕ್ಕು

ದೊಡ್ಡ ಮಾತೇನಿಲ್ಲ. ನಲವತ್ತು ಎಕರೆ ಹುಲ್ಲು,
ಒಂದು ಕೆಸರು ಕೊಳ, ಏಳು ಓಕ್ ಮರ,
ನಡುವೆ ಸೀಳಿಕೊಂಡು ಹೋಗುವ ಬಸ್ಸಿನ ರಸ್ತೆ.
ಲಂಡನ್ನಿನ ದಕ್ಷಿಣಕ್ಕೆ, ರೈಲು ಖಾಲಿಯಾಗುತ್ತ ಬರುವ ಕಡೆ.
ಥಾರ್ನ್‌ಮೀರ್ ಕಾಮನ್ ಅಂತಾರೆ ಅಲ್ಲಿಯವರು;
ನನ್ನ ನಾಲಗೆಗೆ ಅದು ಗೋಮಾಳ,
ಗೋವು ಮಾತ್ರ ಇಲ್ಲ.

ಯಾರದು ಅಂತ ಕೇಳಬೇಡಿ.
ಮಣ್ಣು ಧಣಿಯದಂತೆ, ಮೇವು ಊರಿನದಂತೆ,
ನೆರಳಿನ ಬಗ್ಗೆ ಯಾವ ಕಾಗದವೂ ಬಾಯಿ ಬಿಡುವುದಿಲ್ಲ.
ಸಿಲ್ಹೆಟ್ಟಿನ ಮುದುಕರು ಬೆನ್ನ ಹಿಂದೆ ಕೈಕಟ್ಟಿ
ಗದ್ದೆಯ ಬದು ನೋಡುವವರಂತೆ
ಸಂಜೆ ಒಂದು ಸುತ್ತು ಹಾಕುತ್ತಾರೆ.

ಹೆಸ್ಟರ್ ಪಿಗಾಟ್ ಹತ್ತಿರ ಇದೆ ಒಂದು ಕಾಗದ,
ಬಿಸ್ಕತ್ತಿನ ಡಬ್ಬಿಯಲ್ಲಿ, ಗ್ಯಾಸಿನ ಬಿಲ್ಲುಗಳ ಕೆಳಗೆ:
ಹನ್ನೊಂದನೇ ನಂಬರಿನ ಮನೆಯ ಒಲೆಗೆ
ಎರಡು ಹೆಬ್ಬಾತು ಮೇಯಿಸುವ ಹಕ್ಕು,
ಕೈಗೆಟುಕುವಷ್ಟು ಒಣಸೌದೆ.
ಒಲೆಗೆ! ಮನುಷ್ಯರಿಗಲ್ಲ.
ಒಲೆ ಹೋಗಿ ರೇಡಿಯೇಟರ್ ಬಂದು ಅರವತ್ತು ವರ್ಷ,
ಹಕ್ಕು ಮಾತ್ರ ಗೋಡೆಯೊಳಗೆ ಬೆಚ್ಚಗೆ ಕೂತಿದೆ.

ವರ್ಷಕ್ಕೊಮ್ಮೆಯಾದರೂ ಮೇಯಿಸದಿದ್ದರೆ ಹಕ್ಕು ಸಾಯುತ್ತದೆ,
ಹಾಗಂತ ಅವಳ ಅಜ್ಜ ಹೇಳಿದ್ದ. ವಕೀಲರು ನಕ್ಕರು.
ಅಜ್ಜನ ಅಜ್ಜ ನಗುವವನಲ್ಲ:
ಧಣಿ ಬೇಲಿ ಹಾಕಿಸಿದ ರಾತ್ರಿಯೇ
ಹೆಂಡತಿಯ ಲಂಗ ಉಟ್ಟು, ಮುಖಕ್ಕೆ ಮಸಿ ಬಳಿದು,
ಮೂವತ್ತು ಜನರೊಂದಿಗೆ ಗೂಟ ಕಿತ್ತವನು.
ಬೆಳಗಾದರೆ ಬೇಲಿಯಿಲ್ಲ;
ಊರ ಒಲೆಗಳ ತುಂಬ
ಧಣಿಯ ಮರದ ಒಳ್ಳೆಯ ಹೊಗೆ.

ಯುದ್ಧದಲ್ಲಿ ಇಲ್ಲಿ ಆಲೂಗಡ್ಡೆ ಬೆಳೆದರು.
ಕೊಳದಾಚೆ ವಿಮಾನ ಹೊಡೆಯುವ ತೋಪು.
ಅದು ಒಂದು ವಿಮಾನವನ್ನೂ ಬೀಳಿಸಲಿಲ್ಲ,
ಹೆಸ್ಟರಳ ಮನೆಯ ಕಿಟಕಿ ಗಾಜು ನಾಲ್ಕು ಸಲ ಬೀಳಿಸಿತು.
ಆಮೇಲೆ ಹುಲ್ಲು ಮತ್ತೆ ಬಂತು. ಹುಲ್ಲಿಗೆ ನಾಚಿಕೆಯಿಲ್ಲ.

ಈ ವರ್ಷ ಹೆಸ್ಟರ್ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.
ಸೆಪ್ಟೆಂಬರ್ ಮುಗಿಯುತ್ತ ಬಂತು. ಓಕ್ ಮರಕ್ಕೆ
ಪ್ಲಾಸ್ಟಿಕ್ ಹೊದ್ದ ನೋಟೀಸು: ವಾಹನ ನಿಲುಗಡೆಗೆ ಎರಡು ಎಕರೆ,
ತಕರಾರಿದ್ದವರು ಇಪ್ಪತ್ತೊಂದು ದಿನದೊಳಗೆ ಬರೆಯತಕ್ಕದ್ದು.
ತಕರಾರು ಬರೆಯಲು ಅವಳಿಗೆ ಬರುವುದಿಲ್ಲ.
ಹೆಬ್ಬಾತು ಸಾಕಲು ಬರುತ್ತದೆ.

ಹದಿಮೂರನೇ ನಂಬರಿನ ಹುಡುಗ ಕ್ವಾಬೆನಾ,
ವಯಸ್ಸು ಹನ್ನೊಂದು, ಅಮ್ಮ ರಾತ್ರಿ ಪಾಳಿಯ ನರ್ಸು.
ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ
ಅವಳ ಹಿತ್ತಲ ಹೆಬ್ಬಾತನ್ನು ಕೂರಿಸಿ ರಸ್ತೆ ದಾಟಿಸಿದ.
ಬಸ್ಸು ನಿಂತಿತು. ಹೆಬ್ಬಾತು ಬಸ್ಸಿಗೂ ಬುಸ್ ಅಂದಿತು.
“ಎರಡು ಅಂತ ಬರೆದಿದೆ, ಇರೋದು ಒಂದೇ,” ಅಂದ ಫೋನಿನಲ್ಲಿ.
ಆಸ್ಪತ್ರೆಯ ಮಂಚದಿಂದ ಹೆಸ್ಟರ್:
“ಇನ್ನೊಂದು ನೀನೇ ಅಂದುಕೋ.”

ಇಳಿಸಿದರೆ ಅದು ಮೇಯಲೇ ಇಲ್ಲ.
ನಾಯಿಗಳನ್ನು ಅಟ್ಟಿತು, ಯಾರದೋ ಫುಟ್‌ಬಾಲಿನ ಮೇಲೆ ಹೇತಿತು.
ಕಾವಲುಗಾರ ಬಂದ. ಪರವಾನಗಿ?
ಹುಡುಗ ಕಾಗದ ಬಿಡಿಸಿ ಹಿಡಿದ.
ಕನ್ನಡಕ ಏರಿಸಿ, ಹಳೆಯ ಬರಹವನ್ನು
ಒಂದೊಂದೇ ಅಕ್ಷರ ಅಗಿದು ಓದಿ
ಅವನು ಟೋಪಿ ತೆಗೆದ.
(ತಲೆ ತುರಿಸಿದ್ದೂ ಇರಬಹುದು. ನಾನು ಬೆಂಚಿನ ಮೇಲಿದ್ದೆ, ದೂರ.)

ನಾಲ್ಕೂವರೆ. ಬೆಳಕು ತೆಳ್ಳಗಾಯಿತು.
ಹುಡುಗ ಮಂಡಿಯೂರಿದ,
ಒಂದು ಎಸಳು ಹುಲ್ಲು ಕಿತ್ತು ಬಾಯಲ್ಲಿಟ್ಟು
ಜಗಿದ, ಮುಖ ಸಿಂಡರಿಸಿದ, ನುಂಗಿದ.
ಹೆಬ್ಬಾತು ಕತ್ತು ಓರೆ ಮಾಡಿ ನೋಡಿತು.
ಇದೇನು ಮಹಾ ಎಂಬಂತೆ
ಪಕ್ಕದ ಎಸಳು ಕಿತ್ತಿತು.

ಕಾವಲುಗಾರ ಪುಸ್ತಕ ತೆಗೆದು ತಾರೀಖು ಹಾಕಿದ.
ಹವಾಮಾನ: ಮೋಡ.
ಮೇಯ್ದ ಹೆಬ್ಬಾತು:
ಪೆನ್ಸಿಲ್ಲು ಒಂದು ಕ್ಷಣ ತಡೆಯಿತು.
ಎರಡು.