ಒಗರಿಗೆಷ್ಟು ಅಂಕ

ಬಾಟಲಿಯ ಮೇಲಿನ ಹೆಸರಲ್ಲಿ ಒಂದು ಗಕಾರ ಇದೆ,
ಅದನ್ನು ಉಚ್ಚರಿಸಬಾರದಂತೆ.
ಆಲ್ಯಾನಿಕೊ, ಎಂದು ಮೂರು ಸಲ ಹೇಳಿಕೊಟ್ಟು ಹೋದ
ನಮ್ಮ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಕೊಳ್ಳಲು ಬರುವ ಸಿಲ್ವಾನೊ.
ಇಟಲಿಯ ಕೆಳತುದಿ, ಆರಿದ ಜ್ವಾಲಾಮುಖಿಯ ಬುಡ,
ಅವನ ಸೋದರಮಾವನ ಬಳ್ಳಿ.

ಬಿ.ಎಂ. ರಸ್ತೆಯುದ್ದಕ್ಕೂ ಸ್ಕೂಟರಿನ ಡಿಕ್ಕಿಯಲ್ಲಿ
ಟವೆಲು ಸುತ್ತಿ ತಂದೆ.
ಬಿರಡೆ ತೆಗೆಯುವ ಸಾಧನ ಹಾಸನದ ನಮ್ಮ ಬೀದಿಯಲ್ಲೇ ಇಲ್ಲ.
ಬಾಗಿಲ ಕೀಲಿನ ಸ್ಕ್ರೂ ಒಂದು, ಇಕ್ಕಳ ಒಂದು,
ಮೊಣಕಾಲ ನಡುವೆ ಬಾಟಲಿ.
"ಹಲ್ಲು ಕೀಳ್ತಿದೀರೇನ್ರಿ" ಎಂದಳು ವನಮಾಲ.

ಇಪ್ಪತ್ತೆರಡು ವರ್ಷದಿಂದ ನನ್ನ ನಾಲಿಗೆಗೆ ಸಂಬಳ.
ದಿನಕ್ಕೆ ನಲವತ್ತು ಬಟ್ಟಲು, ಸುರ್ರೆಂದು ಎಳೆದು, ಉಗಿದು,
ಹುಳಿಗೆ ಇಷ್ಟು, ಮೈಗೆ ಇಷ್ಟು, ಘಮಕ್ಕೆ ಇಷ್ಟು.
ಒಗರು ಕಂಡರೆ ಕೆಂಪು ಶಾಯಿ:
ಕೊಯ್ದದ್ದು ಕಾಯಿ, ಹಣ್ಣಲ್ಲ. ಮೂಟೆ ವಾಪಸ್.
ಈ ನಾಲಿಗೆಗಾಗಿ ನಮ್ಮ ಮನೆಯಲ್ಲಿ
ಒಗ್ಗರಣೆಗೂ ಹೆದರಿಕೆ.
ಎಲೆಅಡಿಕೆ ಮದುವೆಮನೆಯಲ್ಲೂ ಇಲ್ಲ.
ಅವಳು ತನ್ನ ಪಾಲನ್ನು ಬೇರೆ ಪಾತ್ರೆಗೆ ತೆಗೆದು
ಖಾರ ಹಾಕಿಕೊಳ್ಳುವುದನ್ನು
ನಾನು ನೋಡಿಯೂ ನೋಡಿಲ್ಲ.

ಟೇಸ್ಟಿಂಗ್ ಬಟ್ಟಲಿಗೇ ಸುರಿದೆ.
ಬಣ್ಣ, ಮಸಿಕುಡಿಕೆಗೆ ದಾಸವಾಳ ಬಿದ್ದ ಹಾಗೆ.
ಮೂಗಿಗೆ ಮೊದಲು ಹೊಗೆ, ಆಮೇಲೆ ಒಣದ್ರಾಕ್ಷಿಯ ಡಬ್ಬ,
ತುಸು ಹೊತ್ತು ಬಿಟ್ಟು ಚಪ್ಪಲಿ ಅಂಗಡಿ.
ಸುರ್ರೆಂದು ಎಳೆದೆ. ಅಭ್ಯಾಸಬಲ, ಸಿಂಕಿಗೆ ಉಗಿದೆ.
"ಅಯ್ಯೋ, ಅಷ್ಟು ದೂರದಿಂದ ಹೊತ್ಕಂಡ್ ಬಂದವ್ನೆ, ಬಚ್ಚಲಿಗಾ?"

ಒಸಡು, ದವಡೆ, ಕೆನ್ನೆಯ ಒಳಮೈ,
ಎಲ್ಲವನ್ನೂ ಯಾರೋ ಮರಳುಕಾಗದ ಹಿಡಿದು ಉಜ್ಜಿದರು.
ಒಗರು. ತೊಗಟೆ ಅಗಿದಷ್ಟು ಒಗರು.
ನನ್ನ ಕೈ ಜೇಬಿನಲ್ಲಿ ಕೆಂಪು ಪೆನ್ನು ತಡಕಿತು.

ಊಟದ ಜೊತೆ, ಎಂದಿದ್ದ ಸಿಲ್ವಾನೊ. ಯಾವ ಊಟ ಎಂದಿರಲಿಲ್ಲ.
ಕೋಡುಬಳೆ ಮತ್ತು ಅದು, ಎರಡೂ ಜಗಳಕ್ಕೆ ನಿಂತವು.
ನಿಂಬೆ ಉಪ್ಪಿನಕಾಯಿಗೆ ತಗಡು ನೆಕ್ಕಿದ ರುಚಿ.
ಮೈಸೂರುಪಾಕಿನ ಪಕ್ಕ ಬರೀ ಕಷಾಯ.
ಮೊಸರನ್ನದ ವಿಷಯ ಬರೆಯುವುದಿಲ್ಲ.

ಆಗ ಅವಳು ಬಟ್ಟಲು ಕಸಿದುಕೊಂಡಳು.
ಸುರ್ರೆನ್ನದೆ, ಕಣ್ಣು ಮುಚ್ಚದೆ, ನೀರು ಕುಡಿದ ಹಾಗೆ ಕುಡಿದು
ಅರೆಗಳಿಗೆ ಸುಮ್ಮನಿದ್ದಳು.
"ನೇರಳೆಹಣ್ಣು ತಿಂದು ಬೀಜಾನೂ ಕಚ್ದಂಗೈತೆ.
ದುದ್ದದ ಕೆರೆ ಏರಿ ಮೇಲೆ ಆರಿಸ್ಕಂಡು
ಉಪ್ಪು ಹಚ್ಕಂಡು ತಿಂತಿದ್ವಿ.
ಇದು ಉಪ್ಪು ಕೇಳ್ತಾ ಐತೆ ಕಣ್ರೀ. ಕೊಬ್ಬು ಕೇಳ್ತಾ ಐತೆ."

ಒಲೆಯ ಮೇಲೆ ಅವಳ ಪಾಲಿನ ಪಾತ್ರೆ:
ಕುರಿಯ ಎದೆಮೂಳೆ, ಕೊಬ್ಬು ಬಿಡಿಸದ್ದು,
ಕರಿಮೆಣಸನ್ನು ಒರಟಾಗಿ ಕುಟ್ಟಿ ಹಾಕಿ
ತಳ ಹಿಡಿಯುವವರೆಗೆ ಬಾಡಿಸಿದ್ದು.
ಮುದ್ದೆ ಮುರಿದು, ಆ ಗಸಿಯಲ್ಲಿ ಹೊರಳಿಸಿ,
ಬಾಯಿ ತೆಗೀರಿ ಎಂದಳು.
ಮುದ್ದೆಯನ್ನು ಅಗಿಯುವುದಿಲ್ಲ, ಉಗಿಯುವುದಂತೂ ಇಲ್ಲ.
ನುಂಗಿದೆ. ಮೇಲೊಂದು ಗುಟುಕು. ಅದನ್ನೂ ನುಂಗಿದೆ.

ಮರಳುಕಾಗದ ಎಲ್ಲಿ ಹೋಯಿತೋ.
ಕೊಬ್ಬಿನ ಬೆನ್ನು ಹತ್ತಿದ ಒಗರು
ಅದನ್ನು ಗುಡಿಸಿ, ಸಾರಿಸಿ,
ಮುಂದಿನ ತುತ್ತಿಗೆ ಚಾಪೆ ಹಾಸಿ ಕೂತಿತ್ತು.
ಮೆಣಸಿನ ಹೊಗೆ ದ್ರಾಕ್ಷಿಯ ಹೊಗೆಯನ್ನು
ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನೆಂಟನಂತೆ ಗುರುತು ಹಿಡಿಯಿತು.

ನಾನು ವಾಪಸ್ ಕಳಿಸಿದ ಮೂಟೆಗಳು ನೆನಪಾದವು.
ಇಲ್ಲ, ಅವು ಕಾಯಿಯೇ. ಅಲ್ಲಿ ತಪ್ಪಿಲ್ಲ.
ತಪ್ಪಿದ್ದು ಈ ಪಾತ್ರೆಯ ಲೆಕ್ಕ,
ಮೂರು ಮಾರು ದೂರದಲ್ಲಿ,
ಒಂದು ದಿನವೂ ಚಮಚ ಅದ್ದದೆ.

"ಎಷ್ಟು ಕೊಡ್ತೀರಿ ಅಂಕ?" ಎಂದಳು, ಮೂಳೆ ಚೀಪುತ್ತ.
ಬಾಯಿ ತುಂಬಿತ್ತು. ಬೆರಳೆತ್ತಿ ಇನ್ನೊಂದು ತುತ್ತು ಎಂದೆ.
ಎಡಗೈಯಲ್ಲಿ ಬಾಟಲಿ ತಿರುಗಿಸಿ ದೀಪಕ್ಕೆ ಹಿಡಿದು
ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು:
ಅಗ್ಲಿಯಾನಿಕೊ.

ಗ ಹೇಳಬಾರದು, ಎಂದೆ.
"ಬರ್ದವ್ರೆ ಅಂದ್ಮೇಲೆ ಹೇಳ್ಬೇಕಪ್ಪ."