ಸೆಕೆಂಡ್ ಗೇರು

ಸಾಲಗಾಮೆ ರಸ್ತೆಯ ಇಳಿಜಾರಿಗೆ ಇನ್ನೂ ಇಪ್ಪತ್ತು ಮಾರು.
ಕೀ ತಿರುಗಿಸಿದರೆ ಹಸಿರು ದೀಪವೂ ಇಲ್ಲ.
ಬಟನ್ ಒತ್ತಿದರೆ ಹಲ್ಲಿ ಲೊಚಗುಟ್ಟಿದಷ್ಟು ಸದ್ದು.
ಕಿಕ್ಕರು ಮುರಿದು ಯುಗಾದಿಗೆ ಒಂದು ವರ್ಷ.
ಹಿಂದೆ ಬಿಗಿದು ಕಟ್ಟಿದ ಆರು ಟ್ರೇ ಮೊಟ್ಟೆ.

ಚಪ್ಪಲಿ ಜಾರುತ್ತ ಒಬ್ಬನೇ ನೂಕುತ್ತಿದ್ದೆ,
ಇದ್ದಕ್ಕಿದ್ದಂತೆ ಗಾಡಿ ಹಗುರಾಯಿತು.
ತಿರುಗಿದರೆ ಇಂದ್ರೇಶ.

ಮೋರಿ ನೀರಿನ ಜಗಳವಾಗಿ ಮೂರು ವರ್ಷ,
ನಮಗೆ ಮಾತಿಲ್ಲ.
‘ಸೆಕೆಂಡಿಗ್ ಹಾಕು’ ಅಂದ,
ಹಿಂದಿನ ದೀಪಕ್ಕೆ ಹೇಳುವವನ ಹಾಗೆ.

ಹಾಕಿದೆ. ಕ್ಲಚ್ಚು ಹಿಡಿದೆ.
ಅವನ ಏದುಸಿರು ನನ್ನ ಬೆನ್ನಿಗೆ ತಾಕುವಷ್ಟು ಓಟ.
ಹಾರಿ ಕೂತು ಬಿಟ್ಟೆ ನೋಡು,
ಗಕ್ಕನೆ ಹಿಡಿದು, ಮುಗ್ಗರಿಸಿ, ಕೆಮ್ಮಿ
ಹತ್ತಿಕೊಂಡಿತು.

ಇನ್ನು ನಿಲ್ಲಿಸುವ ಹಾಗಿಲ್ಲ, ನಿಂತರೆ ಆರುತ್ತದೆ.
ಹಾರನ್ನಾದರೂ ಹೊಡೆಯೋಣವೆಂದರೆ
ಅದಕ್ಕೂ ಅದೇ ಬ್ಯಾಟರಿ.
ಎಡಗೈ ಎತ್ತಿದೆ.
ಸಡಿಲ ಕನ್ನಡಿಯಲ್ಲಿ ಬರೀ ನನ್ನ ಮೊಣಕೈ;
ಗುಂಡಿಗೆ ಬಿದ್ದು ಅದುರಿದಾಗ ಒಂದು ಕ್ಷಣ
ಲುಂಗಿಗೆ ಕೈ ಒರೆಸಿಕೊಳ್ಳುತ್ತ
ಬೆರಳುದ್ದದ ಇಂದ್ರೇಶ.

ಸಂತೇಪೇಟೆಯಲ್ಲಿ ಎಣಿಸಿದೆ, ಒಡೆದದ್ದು ನಾಲ್ಕು.
ಎದುರಿನ ಅಂಗಡಿಯಲ್ಲಿ
ಹೊಸ ಬ್ಯಾಟರಿಯ ರೇಟು ಕೇಳಿದೆ.
ಇನ್ನೊಂದು ವಾರ ನೋಡೋಣ ಅಂದೆ.