ಇನ್ನೂರಾ ಹದಿನೇಳು

ಮೀನಿನ ಟೆಂಪೋವನ್ನು ಎರಡು ಸಲ ತೊಳೆದು ತಂದಿದ್ದ ತಾಂಡೇಲ,
ಆದರೂ ಬಂಗಡೆ ವಾಸನೆ.
ಕೋಡಿಬಾಗದಿಂದ ಗುಡ್ಡದ ಹೊಸ ಕಟ್ಟಡಕ್ಕೆ
ಒಂಬತ್ತು ಟ್ರಿಪ್ಪು.

ಓಲೆಗರಿ ಕೆಂಪು ವಸ್ತ್ರದಲ್ಲಿ,
ಬಂದರಿನ ನಕಾಶೆ ಕ್ಲೀನರ್ ಹುಡುಗನ ತೊಡೆಯ ಮೇಲೆ,
ಸಾಣಿಕಟ್ಟೆಯ ಉಪ್ಪಿನ ಲೆಕ್ಕದ ವಹಿ
ಮುಟ್ಟಿದರೆ ಇನ್ನೂ ಜಿಗುಟು.

ಸುಲಭಾ ಮೇಡಂ ನಂಬರು ಕೂಗಿದರು,
ನಾನು ಟಿಕ್ ಹಾಕುತ್ತ ಬಂದೆ.
ಇನ್ನೂರಾ ಹದಿನೇಳು?
ಎಪ್ಪತ್ತನಾಲ್ಕರಲ್ಲಿ ಯಾರೋ ಒಯ್ದದ್ದು.
ಅದರ ಜಾಗದಲ್ಲಿ
ಅದೇ ದಪ್ಪದ ಹಲಸಿನ ತುಂಡು.

‘ಇದು ಒಲೆಗಾಯ್ತು’ ಅಂದ ತಾಂಡೇಲ.
ಮೇಡಂ ಸೆರಗಿನಲ್ಲಿ ಒರೆಸಿ,
ವಸ್ತ್ರ ಸುತ್ತಿ, ಚೀಟಿ ಕಟ್ಟಿ
ಪೆಟ್ಟಿಗೆಗಿಟ್ಟರು.
ಪೆನ್ನು ಹಿಡಿದೇ ನಿಂತೆ ನಾನು.

ಹೊಸ ಕಪಾಟಿಗೆ ಕಡಲು ಕಾಣದು.
ಆಷಾಢ ಹಿಡಿದರೆ ಮಾತ್ರ
ಆ ತುಂಡು ಉಬ್ಬುತ್ತದೆ,
ಅಕ್ಕಪಕ್ಕದ ನಿಜವಾದ ಪುಸ್ತಕಗಳನ್ನು
ಒಂದಿಷ್ಟು ಸರಿಸಿ.